1969ರ ಆಲ್ಫಾ ಜಿಟಿ ಜೂನಿಯರ್: ಬಿಸಿಯಾದ ಮೇಲೆ ಐಡಲ್ ನಿಲ್ಲುತ್ತಿಲ್ಲ, ಬಾಕಿ ಹಣ ಕೊಡಲಾ ಬೇಡವಾ?

ಮ್ಯೂನಿಕ್‌ವಾಸಿ:
ನಮಸ್ಕಾರ ಎಲ್ಲರಿಗೂ. ವೆರೋನಾ ಹತ್ತಿರ 1969ರ ಆಲ್ಫಾ ರೋಮಿಯೋ ಜಿಟಿ 1300 ಜೂನಿಯರ್ ಒಂದನ್ನು ನೋಡಿ ಮುಂಗಡ ಕೊಟ್ಟಿದ್ದೇನೆ. ಬಾನೆಟ್ ಮುಂದಿನ ಅಂಚಿನಲ್ಲಿ ಮೆಟ್ಟಿಲಿನ ಹಾಗೆ ಇರುತ್ತಲ್ಲ, ಇಟಲಿಯವರು ಸ್ಕಲೀನೋ ಅನ್ನುತ್ತಾರೆ, ಆ ಮಾದರಿ. ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗುತ್ತೆ. ಬಿಸಿಯಾದ ಮೇಲೆ ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ) ಒಂದು ಸಲ 700 ಆರ್‌ಪಿಎಂಗೆ ಇಳಿಯುತ್ತೆ, ಇನ್ನೊಂದು ಸಲ 1500ಕ್ಕೆ ಏರುತ್ತೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು. ಜೊತೆಗೆ ಬೆಳಗ್ಗೆ ಎರಡನೇ ಗೇರ್ ಕರಕರ ಅನ್ನುತ್ತೆ. ಮಾರುವವರು "ಕಾರ್ಬ್ಯುರೇಟರ್ ಟ್ಯೂನ್ ಮಾಡಿಸಿದರೆ ಎಲ್ಲ ಸರಿಹೋಗುತ್ತೆ" ಅನ್ನುತ್ತಿದ್ದಾರೆ. ಮುಂದಿನ ವಾರ ಮತ್ತೆ ಹೋಗುತ್ತೇನೆ. ಏನು ನೋಡಬೇಕು?

ಜೋಡಿಕ್ಯಾಮ್:
ಮೊದಲು ಹೇಳಿಬಿಡುತ್ತೇನೆ, ಕಾರ್ಬ್ಯುರೇಟರ್ ಸ್ಕ್ರೂಗಳನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ. ನೀವು ಹೇಳಿದ ಲಕ್ಷಣ ಎಲ್ಲಿಂದಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿರುವುದರದ್ದು. ತಣ್ಣಗಿರುವಾಗ ಚೋಕ್ ಎಳೆದು ಪೆಟ್ರೋಲ್ ಜಾಸ್ತಿ ಕೊಟ್ಟಿರುತ್ತೀರಿ, ಹಾಗಾಗಿ ಆ ಗಾಳಿ ಗೊತ್ತಾಗುವುದಿಲ್ಲ.

ಈ ಕಾರಿನಲ್ಲಿ ನನಗೆ ಮೊದಲ ಅನುಮಾನ ರಬ್ಬರ್ ಮೌಂಟ್ ಮೇಲೆ. ಎರಡು ಕಾರ್ಬ್ಯುರೇಟರ್, ಸಾಮಾನ್ಯವಾಗಿ ವೆಬರ್ ಕಂಪನಿಯ 40 ಡಿಸಿಒಇ ಮಾದರಿ, ಎಂಜಿನ್ ಹೆಡ್‌ಗೆ ನೇರವಾಗಿ ಕೂತಿರುವುದಿಲ್ಲ. ನಡುವೆ ಲೋಹದ ತಗಡುಗಳಿಗೆ ರಬ್ಬರ್ ಅಂಟಿಸಿದ ಮೌಂಟ್ ಇರುತ್ತೆ. ಎಂಜಿನ್ ನಡುಕ ಕಾರ್ಬ್ಯುರೇಟರ್‌ಗೆ ಹೋದರೆ ಅದರೊಳಗಿನ ಪುಟ್ಟ ಪೆಟ್ರೋಲ್ ತೊಟ್ಟಿಯಲ್ಲಿ (ಫ್ಲೋಟ್ ಚೇಂಬರ್) ಪೆಟ್ರೋಲ್ ನೊರೆಗಟ್ಟುತ್ತೆ, ಅದಕ್ಕೇ ಈ ವ್ಯವಸ್ಥೆ. ವಯಸ್ಸಾದ ಹಾಗೆ ರಬ್ಬರ್ ಒಣಗಿ ತಗಡಿನಿಂದ ಬಿಟ್ಟುಕೊಳ್ಳುತ್ತೆ. ಕಾರ್ಬ್ಯುರೇಟರ್ ಕೆಳಗೆ ಭಾರ ಹೊರುವ ಒಂದು ಆಸರೆ ಪಟ್ಟಿ ಇರಬೇಕು, ಹಿಂದೆ ಯಾವಾಗಲೋ ರಿಪೇರಿಗೆ ಬಿಚ್ಚಿದವರು ಅದನ್ನು ವಾಪಸ್ ಹಾಕದೇ ಬಿಟ್ಟಿದ್ದರೆ ಇಡೀ ಭಾರ ರಬ್ಬರ್ ಮೇಲೆ ಬೀಳುತ್ತೆ, ಹೊಸ ಮೌಂಟ್ ಹಾಕಿದರೂ ಬೇಗ ಹರಿದುಹೋಗುತ್ತೆ.

ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ, ಕಾರ್ಬ್ಯುರೇಟರ್ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿ, ಟಾರ್ಚ್ ಹಾಕಿ ಪ್ರತಿ ಮೌಂಟಿನ ಅಂಚು ನೋಡಿ. ಸುಮ್ಮನಿದ್ದಾಗ ಮುಚ್ಚಿಕೊಂಡಿರುವ ಬಿರುಕು ಅಲ್ಲಾಡಿಸಿದಾಗ ಕೂದಲೆಳೆಯಷ್ಟು ಬಾಯಿ ಬಿಡುತ್ತೆ. ಆಮೇಲೆ ಬಿಸಿ ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಒಂದೊಂದೇ ಮೌಂಟಿಗೆ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ. ಐಡಲ್ ಬದಲಾದರೆ ಅಲ್ಲೇ ಸೋರಿಕೆ. ಕೆಲವರು ಕಾರ್ಬ್ ಕ್ಲೀನರ್ ಹೊಡೆಯುತ್ತಾರೆ. ಈ ಹೆಡ್‌ನಲ್ಲಿ ಎಕ್ಸಾಸ್ಟ್ ಇನ್ನೊಂದು ಪಕ್ಕದಲ್ಲಿರುವುದರಿಂದ ಅಪಾಯ ಸ್ವಲ್ಪ ಕಡಿಮೆ, ಆದರೂ ಬೇರೆಯವರ ಕಾರಲ್ಲಿ ಅದು ಬೇಡ. ಬ್ರೇಕ್ ಬೂಸ್ಟರ್‌ಗೆ ಹೋಗುವ ಪೈಪನ್ನೂ ಒಂದು ಕ್ಷಣ ಒತ್ತಿ ಹಿಡಿದು ನೋಡಿ.

ಎರಡನೇ ಗೇರ್ ಈ ಗೇರ್‌ಬಾಕ್ಸಿನ ಹಳೇ ಕಾಯಿಲೆ. ಪೋರ್ಷೆ ಮಾದರಿಯ ಸಿಂಕ್ರೋ ರಿಂಗ್ (ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ಬಳೆ), ಅದು ಸವೆಯುತ್ತೆ. ಆಯಿಲ್ ಬಿಸಿಯಾದ ಮೇಲೆ ಸದ್ದು ನಿಂತರೆ ಡಬಲ್ ಕ್ಲಚ್ ಮಾಡಿಕೊಂಡು (ಗೇರ್ ಬದಲಿಸುವಾಗ ಕ್ಲಚ್ ಎರಡು ಸಲ ಒತ್ತಿ) ವರ್ಷಗಟ್ಟಲೆ ಓಡಿಸಬಹುದು. ಬಿಸಿಯಾದರೂ ನಿಲ್ಲದಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು, ಬೆಲೆಯಲ್ಲಿ ಅದನ್ನು ಹಿಡಿಯಿರಿ.

ತುಕ್ಕುಬೇಟೆ:
ಎಂಜಿನ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಈ ಎಂಜಿನ್‌ಗೆ ಬಿಡಿಭಾಗ ಎಲ್ಲ ಸಿಗುತ್ತೆ. ಹಣ ನುಂಗುವುದು ಬಾಡಿ. ಬಾಗಿಲ ಕೆಳಗಿನ ಸಿಲ್‌ನಲ್ಲಿ ತಗಡಿನ ಮೇಲೆ ತಗಡು ಇದೆ, ಹೊರಗಿನದಕ್ಕೆ ಪೇಂಟ್ ಹೊಡೆದಿದ್ದರೆ ಒಳಗೆ ಕೊಳೆತಿರುವುದು ಕಾಣುವುದೇ ಇಲ್ಲ. ಜಾಕ್ ಹಾಕುವ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿ. ಮ್ಯಾಟ್ ಎತ್ತಿ ನೆಲ ನೋಡಿ, ಡಿಕ್ಕಿಯಲ್ಲಿ ಸ್ಪೇರ್ ವೀಲ್ ಎತ್ತಿ ಅದರ ಕುಳಿ ನೋಡಿ, ವಿಂಡ್‌ಸ್ಕ್ರೀನ್‌ನ ಕೆಳಮೂಲೆ ನೋಡಿ. ತೆಳು ಬಟ್ಟೆ ಸುತ್ತಿದ ಮ್ಯಾಗ್ನೆಟ್ ಒಯ್ಯಿರಿ, ಪುಟ್ಟಿ ತುಂಬಿದ ಕಡೆ ಅದು ಹಿಡಿಯುವುದಿಲ್ಲ. ಆ ಮೆಟ್ಟಿಲಿನ ಅಂಚನ್ನು ಎರಡೂ ಪಕ್ಕದಿಂದ ಹೋಲಿಸಿ. ಬೆರ್ಟೋನೆ ವಿನ್ಯಾಸ ಸಂಸ್ಥೆಯಲ್ಲಿ ವಿನ್ಯಾಸಕಾರ ಜುಜಾರೋ ಇನ್ನೂ 20ರ ಆಸುಪಾಸಿನ ಹುಡುಗನಾಗಿದ್ದಾಗ ಎಳೆದ ಗೆರೆ ಅದು, ಈ ಕಾರಿನ ಮುಖವೇ ಅದು. ಮುಂಭಾಗಕ್ಕೆ ಪೆಟ್ಟು ಬಿದ್ದು ಸರಿಯಾಗಿ ರಿಪೇರಿ ಆಗದಿದ್ದರೆ ಆ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇರುತ್ತೆ.

ಎಂಜಿನ್ ನಂಬರ್ ಓದಿದ್ದೀರಾ?

ಮ್ಯೂನಿಕ್‌ವಾಸಿ:
ಹೋಗಿ ಬಂದೆ. ಎರಡರಲ್ಲಿ ಹಿಂಬದಿಯ ಕಾರ್ಬ್ಯುರೇಟರ್‌ನ ಮೌಂಟ್ ಹರಿದಿದೆ, ನೀರು ಹಾಕಿದ ತಕ್ಷಣ ಐಡಲ್ ಬದಲಾಯಿತು. ಆಸರೆ ಪಟ್ಟಿ ಇಲ್ಲವೇ ಇಲ್ಲ! ಗೇರ್ ಬಿಸಿಯಾದ ಮೇಲೆ ಸಲೀಸು. ಸಿಲ್ ಗಟ್ಟಿ ಇದೆ, ಸ್ಪೇರ್ ವೀಲ್ ಕುಳಿಯಲ್ಲಿ ಮಾತ್ರ ಸ್ವಲ್ಪ ತುಕ್ಕು. ಚಾಸಿಸ್ ನಂಬರ್ 105.30 ಅಂತ ಶುರುವಾಗುತ್ತೆ. ಆದರೆ ಎಂಜಿನ್ ಮೇಲೆ ಎಆರ್ 00512 ಅಂತ ಇದೆ. ಇದೇನು?

ಜೋಡಿಕ್ಯಾಮ್:
ಅದು 1300 ಎಂಜಿನ್ ಅಲ್ಲ. 1300 ಜೂನಿಯರ್‌ಗೆ 00530 ಇರಬೇಕು. 00512 ಅಂದರೆ 2000, 1962 ಸಿಸಿ. ಆ ಎಂಜಿನ್ ಇರುವ 2000 ಜಿಟಿವಿ ಕಾರು ಬಂದದ್ದೇ 1971ರಲ್ಲಿ, ಹಾಗಾಗಿ 1969ರ ಕಾರಿಗೆ ಕಾರ್ಖಾನೆಯಲ್ಲೇ ಹಾಕಿದ್ದು ಅನ್ನುವ ಮಾತೇ ಇಲ್ಲ. ಈ ಬದಲಾವಣೆ ತುಂಬ ಜನ ಮಾಡಿದ್ದಾರೆ, ಓಡಿಸಲು ಖುಷಿಯಾಗಿಯೂ ಇರುತ್ತೆ. ಆದರೆ ಮೂಲ ಎಂಜಿನ್ ಇರುವ ಕಾರಿನ ಬೆಲೆ ಇದಕ್ಕೆ ಕೊಡಬೇಡಿ. ಕಾರ್ಬ್ಯುರೇಟರ್ ಕೂಡ 1300ರದ್ದೇ ಉಳಿದಿದೆಯಾ ಅಂತ ಮೇಲಿರುವ ಅಕ್ಷರ ಓದಿ. ಒಳಗಿನ ವೆಂಚುರಿ (ಗಾಳಿ ಹಾದುಹೋಗುವ ಕಿರಿದಾದ ಭಾಗ) ಸಣ್ಣದಿದ್ದರೆ ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತೆ, ಐಡಲ್ ಏರಿಳಿಯುವುದಕ್ಕೆ ಮಾತ್ರ ಅದು ಕಾರಣವಲ್ಲ.

ಮೌಂಟ್ ಎರಡೂ ಕಡೆ ಒಟ್ಟಿಗೆ ಬದಲಿಸಿ, ಪಟ್ಟಿ ಹಾಕಿಸಿ, ವಾಲ್ವ್ ಕ್ಲಿಯರೆನ್ಸ್ ಮತ್ತು ಇಗ್ನಿಷನ್ ಟೈಮಿಂಗ್ ನೋಡಿ, ಕೊನೆಗೆ ಎರಡು ಕಾರ್ಬ್ಯುರೇಟರ್‌ನ ಗಾಳಿ ಸಮ ಮಾಡಿಸಿ. ಈ ಕ್ರಮ ತಪ್ಪಿಸಬೇಡಿ.

ತುಕ್ಕುಬೇಟೆ:
ಜರ್ಮನಿಯಲ್ಲಿ ಎಚ್ ನಂಬರ್ ಪ್ಲೇಟ್ (ಹಳೇ ಕಾರುಗಳಿಗೆ ಕೊಡುವ ವಿಶೇಷ ನಂಬರ್) ಬೇಕಲ್ವಾ ನಿಮಗೆ? 30 ವರ್ಷ ದಾಟಿದ್ದು ಒಂದೇ ಸಾಲದು, ತಪಾಸಣೆ ಮಾಡುವವರು ಕಾರು ಮೂಲ ಸ್ಥಿತಿಗೆ ಹತ್ತಿರ ಇದೆಯಾ ಅಂತಲೂ ನೋಡುತ್ತಾರೆ. ಪೇಪರ್‌ನಲ್ಲಿ 1290 ಸಿಸಿ, ಒಳಗೆ 1962 ಅಂದರೆ ಅಲ್ಲೇ ಪ್ರಶ್ನೆ ಏಳುತ್ತೆ. ನಿಮ್ಮೂರಿನ ತಪಾಸಣಾ ಎಂಜಿನಿಯರ್‌ಗೆ ಈಗಲೇ ಫೋಟೋ ತೋರಿಸಿ ಕೇಳಿ. ಇಟಲಿಯ ಆರೆಸೆಯಲ್ಲಿರುವ ಆಲ್ಫಾ ದಾಖಲೆ ಕೇಂದ್ರಕ್ಕೆ ಚಾಸಿಸ್ ನಂಬರ್ ಕಳಿಸಿ ಪ್ರಮಾಣಪತ್ರ ಕೇಳಿ, ಮೂಲ ಬಣ್ಣ ಮತ್ತು ತಯಾರಾದ ದಿನಾಂಕ ಅದರಿಂದ ಗೊತ್ತಾಗುತ್ತೆ.

ಮತ್ತೆ, ಹಳೇ 00530 ಎಂಜಿನ್ ಎಲ್ಲಿದೆ ಅಂತ ಮಾರುವವರನ್ನು ನೇರವಾಗಿ ಕೇಳಿ. ಗ್ಯಾರೇಜಿನಲ್ಲಿ ಬಿಚ್ಚಿಟ್ಟಿದ್ದರೂ ಸರಿ, ಅದನ್ನು ಒಪ್ಪಂದದಲ್ಲಿ ಸೇರಿಸಿ ಬರೆಸಿಕೊಂಡ ಮೇಲೆ ಬಾಕಿ ಕೊಡಿ.