ಸೂಪರ್‌ಹೀರೋ ಕಾಮಿಕ್ಸ್ ಓದೋಕೆ ಮುಂಚೆ ಎಷ್ಟು ಗೊತ್ತಿರಬೇಕು?

ಕಪಾಟು_7

ನಮ್ಮ ಬಡಾವಣೆಯ ಓದುಕೋಣೆಗೆ ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ತರಿಸೋ ಯೋಚನೆ ಇದೆ. ದುಡ್ಡು ಆರೇಳು ಪುಸ್ತಕಕ್ಕಾಗುತ್ತೆ, ಅಷ್ಟೇ. ಓದುವವರು ಹೈಸ್ಕೂಲು, ಪಿಯುಸಿ ಮಕ್ಕಳು, ಜೊತೆಗೆ ಕೆಲವು ದೊಡ್ಡವರು. ಸಿನಿಮಾಗಳನ್ನೆಲ್ಲ ಅರೆದು ಕುಡಿದಿದ್ದಾರೆ, ಕಾಮಿಕ್ಸ್ ಮಾತ್ರ ಯಾರೂ ಮುಟ್ಟಿಲ್ಲ. ಪಟ್ಟಿಯಲ್ಲಿ ಈಗಿರೋದು ಬ್ಯಾಟ್‌ಮ್ಯಾನ್ ಇಯರ್ ಒನ್, ವಾಚ್‌ಮೆನ್, ಕಿಂಗ್‌ಡಮ್ ಕಮ್, ಸಿವಿಲ್ ವಾರ್, ಇನ್ಫೈನೈಟ್ ಕ್ರೈಸಿಸ್. ಹಿಂದುಮುಂದು ಗೊತ್ತಿಲ್ಲದವರ ಕೈಗೆ ಇವುಗಳಲ್ಲಿ ಯಾವುದನ್ನು ಕೊಡಬಹುದು? 1962ರ ಸ್ಪೈಡರ್‌ಮ್ಯಾನ್‌ನಿಂದಲೇ ಶುರು ಮಾಡಿಸಬೇಕು ಅಂತ ಒಬ್ಬರು, ಮೊದಲು ವಿಕಿ ಓದಿಸಿಬಿಡಿ ಸಾಕು ಅಂತ ಇನ್ನೊಬ್ಬರು. ಯಾವುದು ಸರಿ?

ಮಸಿಕುಡಿಕೆ

ಎರಡೂ ಬೇಡ. ಎಂಬತ್ತು ವರ್ಷದ ಕಂತೆಯನ್ನು ಪೂರ್ತಿ ಓದಿದವರು ಈ ಕಾಮಿಕ್ಸ್ ಬರೆಯೋರ ಪೈಕಿಯೇ ಸಿಗೋದು ಕಷ್ಟ.

ಕಥೆ ಹಿಡಿಯೋಕೆ ಬೇಕಾದ ತಿಳಿವಳಿಕೆ ಬೇರೆ, ಪೆಟ್ಟು ನಾಟೋಕೆ ಬೇಕಾದ ತಿಳಿವಳಿಕೆ ಬೇರೆ. ಇವನು ಯಾರು, ಏನು ಬೇಕಾಗಿದೆ, ಯಾರು ಅಡ್ಡ ಬರ್ತಿದಾರೆ ಅನ್ನೋದನ್ನು ಪುಸ್ತಕವೇ ಹೇಳಬೇಕು. ಹೇಳದಿದ್ದರೆ ತಪ್ಪು ಪುಸ್ತಕದ್ದು, ಓದುವವನದ್ದಲ್ಲ. ಎರಡನೆಯದು ಇದ್ದರೆ ಲಾಭ, ಇಲ್ಲದಿದ್ದರೂ ಓದು ನಿಲ್ಲಲ್ಲ.

ಇಯರ್ ಒನ್ ತಗೊಳ್ಳಿ. 1987ರದ್ದು, ಬ್ಯಾಟ್‌ಮ್ಯಾನ್ ಮಾಸಿಕದ 404ರಿಂದ 407, ನಾಲ್ಕೇ ಸಂಚಿಕೆ. ಪೊಲೀಸ್ ಅಧಿಕಾರಿ ಗಾರ್ಡನ್ ರೈಲಿನಲ್ಲಿ ಗಾಥಮ್ ಊರಿಗೆ ಬರ್ತಾನೆ, ವಿಮಾನದಲ್ಲಿ ಬಂದಿದ್ದರೆ ಊರಿನ ಕೊಳಕು ಕಾಣ್ತಿರಲಿಲ್ಲ ಅಂದ್ಕೊಳ್ತಾನೆ. ಅದೇ ಹೊತ್ತಿಗೆ ಬ್ಯಾಟ್‌ಮ್ಯಾನ್ ಆಗಲಿರೋ ಬ್ರೂಸ್ ವೇಯ್ನ್ ವಿಮಾನದಲ್ಲಿ ಇಳೀತಾ, ರೈಲಿನಲ್ಲಿ ಬರಬೇಕಿತ್ತು, ಶತ್ರುವನ್ನು ಹತ್ತಿರದಿಂದ ನೋಡಬಹುದಿತ್ತು ಅಂತಾನೆ. ಇಬ್ಬರ ಸ್ವಗತಕ್ಕೂ ಅಕ್ಷರ ಬೇರೆ: ಬ್ರೂಸ್‌ನದ್ದು ಕೂಡಕ್ಷರದ ಕೈಬರಹ. ಯಾರ ಮನಸ್ಸಿನೊಳಗಿದ್ದೀವಿ ಅಂತ ಕೇಳೋ ಪ್ರಮೇಯವೇ ಬರಲ್ಲ. ಕೊನೆಯಲ್ಲಿ ಗಾರ್ಡನ್ ತಾರಸಿ ಮೇಲೆ ನಿಂತು ಜೋಕರ್ ಅಂತ ಹೆಸರಿಟ್ಟುಕೊಂಡ ಯಾವನೋ ಬೆದರಿಕೆ ಹಾಕಿದ್ದಾನೆ ಅಂತಾನೆ. ಜೋಕರ್ ಗೊತ್ತಿದ್ದವರಿಗೆ ಅಲ್ಲೊಂದು ಚಳುಕು. ಗೊತ್ತಿಲ್ಲದವರಿಗೆ, ಪೊಲೀಸಿಗೆ ಇನ್ನೊಂದು ಕೇಸು. ಕಥೆ ಎರಡೂ ಕಡೆ ಪೂರ್ತಿ.

ವಾಚ್‌ಮೆನ್‌ಗೆ ಪಾತ್ರಗಳ ಪೂರ್ವಕಥೆ ಏನೂ ಬೇಡ, 12 ಸಂಚಿಕೆಯೊಳಗೇ ಎಲ್ಲ ಇದೆ. ಆದರೆ ಅದು ಸೂಪರ್‌ಹೀರೋಗಳನ್ನೇ ಕಟಕಟೆಗೆ ಹತ್ತಿಸೋ ಪುಸ್ತಕ. ಸಾಮಾನ್ಯ ಸೂಪರ್‌ಹೀರೋ ಕಥೆ ಹೇಗಿರುತ್ತೆ ಅಂತ ನಾಲ್ಕಾರು ಓದಿದ ಮೇಲೆ ಕೊಟ್ಟರೆ ರುಚಿ ಹತ್ತುತ್ತೆ. ಹೈಸ್ಕೂಲಿನವರಿಗಂತೂ ಬೇಡ, ಅತ್ಯಾಚಾರದ ಯತ್ನ, ಕಡು ಹಿಂಸೆ ಎಲ್ಲ ಇದೆ. ದೊಡ್ಡವರ ಕಪಾಟಿಗೆ ಹಾಕಿ.

ಕಿಂಗ್‌ಡಮ್ ಕಮ್ ನೋಡಿದರೆ ಹೆದರಿಕೆ ಆಗುತ್ತೆ. ಅಲೆಕ್ಸ್ ರಾಸ್ ಬಣ್ಣದಲ್ಲಿ ಬರೆದ ಗುಂಪಿನ ಚಿತ್ರಗಳಲ್ಲಿ ಲೆಕ್ಕ ಸಿಗದಷ್ಟು ಮುಖ. ಅವರಲ್ಲಿ ಮುಕ್ಕಾಲುಪಾಲು ಯಾರು ಅಂತ ಗೊತ್ತಾಗದಿದ್ದರೂ ನಷ್ಟವಿಲ್ಲ. ಎರಡು ನಿಯಮ ಮಾತ್ರ ಮೊದಲೇ ಹೇಳಿಬಿಡಿ. ಬಿಲ್ಲಿ ಬ್ಯಾಟ್ಸನ್ ‘ಶಜಾಮ್’ ಅಂತ ಕೂಗಿದರೆ ಮಿಂಚು ಬಡಿದು ಕ್ಯಾಪ್ಟನ್ ಮಾರ್ವೆಲ್ ಆಗ್ತಾನೆ. ಮಾಟಮಂತ್ರದ ಎದುರು ಸೂಪರ್‌ಮ್ಯಾನ್‌ಗೆ ರಕ್ಷಣೆ ಇಲ್ಲ. ಕೊನೆಯ ಕಾಳಗದಲ್ಲಿ ಕ್ಯಾಪ್ಟನ್ ಮಾರ್ವೆಲ್ ಆ ಮಿಂಚನ್ನೇ ಆಯುಧ ಮಾಡ್ಕೊಳ್ತಾನೆ: ಕೂಗ್ತಾನೆ, ಪಕ್ಕಕ್ಕೆ ಸರೀತಾನೆ, ಮಿಂಚು ಸೂಪರ್‌ಮ್ಯಾನ್ ಮೈಮೇಲೆ. ಇವು ಗೊತ್ತಿಲ್ಲದೆ ಓದಿದರೆ ಆ ಪುಟಗಳು ಬರೀ ಬೆಳಕಿನಾಟ.

ಇನ್ಫೈನೈಟ್ ಕ್ರೈಸಿಸ್ ಪಟ್ಟಿಯಿಂದ ತೆಗೀರಿ. ಮೊದಲ ಸಂಚಿಕೆಯ ಕೊನೆಯಲ್ಲಿ ಕಿವಿಯ ಪಕ್ಕ ನರೆತ ಇನ್ನೊಬ್ಬ ಸೂಪರ್‌ಮ್ಯಾನ್ ಹರಳಿನ ಗೋಡೆಯನ್ನು ಗುದ್ದಿ ಒಡೆದು ಹೊರಗೆ ಬರ್ತಾನೆ. ಅವನು 1986ರಲ್ಲಿ ಮುಗಿದ ಕ್ರೈಸಿಸ್ ಆನ್ ಇನ್ಫೈನೈಟ್ ಅರ್ತ್ಸ್ ಅನ್ನೋ ಹಳೇ ಸರಣಿಯ ಕೊನೆಯಲ್ಲಿ ಆ ಗೋಡೆಯ ಒಳಗೆ ಹೋದವನು. ಹತ್ತೊಂಬತ್ತು ವರ್ಷ ಕಾದ ಓದುಗರಿಗಾಗಿ ಬರೆದ ಪುಟ ಅದು. ಹೊಸಬರಿಗೆ ‘ಈ ಮುದುಕ ಯಾರು?’ ಅಷ್ಟೇ.

ತೆಂಕಣ_ಗಾಳಿ

ಸಿವಿಲ್ ವಾರ್ ಬಿಟ್ಟೇಬಿಟ್ಟಿರಲ್ಲ ಮಾರಾಯ್ರೆ, ಇರುವುದರಲ್ಲಿ ದೊಡ್ಡ ಗುಂಡಿ ಅದೇ. ಸಿನಿಮಾ ನೋಡಿದವರು ಅದನ್ನೇ ಮೊದಲು ಕೈಗೆತ್ತಿಕೊಳ್ಳುವುದು, ಕತೆ ಬೇರೆಯೇ ಉಂಟು. ಸಿನಿಮಾದ ಸೊಕೋವಿಯಾ ಒಪ್ಪಂದ (ಹೀರೋಗಳನ್ನು ವಿಶ್ವಸಂಸ್ಥೆಯ ಹತೋಟಿಗೆ ತರುವುದು) ಇಲ್ಲಿಲ್ಲ. ಟಿವಿ ಶೋಗಾಗಿ ಖಳರನ್ನು ಹಿಡಿಯಲು ಹೋದ ಹುಡುಗರ ತಂಡದಿಂದಾಗಿ ಸ್ಟ್ಯಾಮ್‌ಫರ್ಡ್‌ನಲ್ಲಿ ಶಾಲೆಯ ಹತ್ತಿರ ಸ್ಫೋಟ ಆಗುತ್ತದೆ, ಆಮೇಲೆ ಮುಖವಾಡ ತೊಟ್ಟವರೆಲ್ಲ ಸರಕಾರದ ಹತ್ತಿರ ಹೆಸರು ನೋಂದಾಯಿಸಬೇಕು ಎಂಬ ಕಾನೂನು. ಎರಡನೇ ಸಂಚಿಕೆಯ ಕೊನೆಗೆ ಸ್ಪೈಡರ್‌ಮ್ಯಾನ್ ಕ್ಯಾಮೆರಾಗಳ ಎದುರು ಮುಖವಾಡ ತೆಗೆಯುತ್ತಾನೆ. 1962ರಿಂದ 2006ರವರೆಗೆ ಆ ಗುಟ್ಟು ಕಾಯಲು ಅವನು ಏನೆಲ್ಲ ಕಳಕೊಂಡ ಅಂತ ಗೊತ್ತಿದ್ದವರಿಗೆ ಎದೆ ಧಸಕ್ ಅನ್ನುತ್ತದೆ. ಸಿನಿಮಾಗಳಲ್ಲಿ ಹೀರೋಗಳು ನಿಮಿಷಕ್ಕೊಮ್ಮೆ ಮುಖವಾಡ ತೆಗೆಯುವುದು ನೋಡಿದವರಿಗೆ ಅದರಲ್ಲೇನು ಅನ್ನಿಸೀತು.

ಇನ್ನೊಂದು ತೊಂದರೆ, ಏಳು ಸಂಚಿಕೆಯ ಮುಖ್ಯ ಪುಸ್ತಕದಲ್ಲಿ ಕೊಂಡಿಗಳು ಕಾಣೆ. ಐದನೆಯದರಲ್ಲಿ ಸ್ಪೈಡರ್‌ಮ್ಯಾನ್ ಕಾನೂನಿನ ಪರ ಇರುವ ಐರನ್ ಮ್ಯಾನ್‌ನ ಕೈಬಿಟ್ಟು ಹೊರಡುತ್ತಾನೆ. ನೋಂದಾಯಿಸದ ಹೀರೋಗಳನ್ನು ಕೂಡಿಹಾಕಿದ ನೆಗೆಟಿವ್ ಜೋನ್ ಜೈಲನ್ನು ಅವನು ಕಣ್ಣಾರೆ ಕಂಡು ಮನಸ್ಸು ಮುರಿದುಕೊಳ್ಳುವ ಭಾಗ ಇರುವುದು ಅಮೇಜಿಂಗ್ ಸ್ಪೈಡರ್‌ಮ್ಯಾನ್ ಮಾಸಿಕದಲ್ಲಿ. ಅದನ್ನು ಬೇರೆಯೇ ಕೊಳ್ಳಬೇಕು. ಇಂಥ ದೊಡ್ಡ ‘ಇವೆಂಟ್’ಗಳ, ಅಂದರೆ ಹಲವು ಮಾಸಿಕಗಳಿಗೆ ಹರಡಿದ ಒಂದೇ ಕತೆಗಳ, ವ್ಯಾಪಾರವೇ ಹಾಗೆ.

ಸಿನಿಮಾದ ತಿಳಿವಳಿಕೆ ಅರ್ಧ ಉಪಕಾರ, ಅರ್ಧ ಉಪದ್ರ. ಗೂಢಚಾರರ ಮುಖ್ಯಸ್ಥ ನಿಕ್ ಫ್ಯೂರಿ ಅಂದರೆ ಮಕ್ಕಳಿಗೆ ಸ್ಯಾಮ್ಯುಯೆಲ್ ಜಾಕ್ಸನ್. ಹಳೆ ಕತೆಗಳನ್ನು ಮೊದಲಿನಿಂದ ಹೊಸದಾಗಿ ಹೇಳಿದ 2002ರ ಅಲ್ಟಿಮೇಟ್ಸ್‌ನಲ್ಲಿ ಹಾಗೇ ಚಿತ್ರಿಸಿದ್ದಾರೆ. ಮಾರ್ವೆಲ್‌ನ ಮೂಲ ಸರಣಿ ತೆರೆದರೆ ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಬಿಳಿಯ. ಅಚ್ಚಿನ ತಪ್ಪು ಅಂತಲೇ ತಿಳಕೊಂಡಾರು.

ಅಂದ ಹಾಗೆ, ಯಕ್ಷಗಾನ ನೋಡುವವರಿಗೆ ಕರ್ಣಾರ್ಜುನರ ಪರಿಚಯ ಮಾಡಿಕೊಡುವುದಿಲ್ಲವಲ್ಲ, ಗೊತ್ತಿದ್ದೇ ಬರುತ್ತಾರೆ. ಕಾಮಿಕ್ಸಿಗೂ ಮಕ್ಕಳಿಗೆ ಅಷ್ಟು ತಯಾರಿ ಮಾಡಿಸಿದರೆ ತಪ್ಪೇನು?

ಪುಟ_ತಿರುವು

ಹೋಲಿಕೆ ಅರ್ಧ ದಾರಿವರೆಗೆ ಮಾತ್ರ ಬರುತ್ತೆ. ಕರ್ಣ ಸತ್ತ ಮೇಲೆ ಸತ್ತ. ಇಲ್ಲಿ ಫ್ಲಾಶ್ ಆಗಿದ್ದ ಬ್ಯಾರಿ ಆಲನ್ 1985ರಲ್ಲಿ ಸತ್ತು 2008ರಲ್ಲಿ ಎದ್ದು ಬಂದ, ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಪ್ರಕಾಶಕರಾದ ಡಿಸಿಯವರು 2011ರಲ್ಲಿ 52 ಮಾಸಿಕಗಳನ್ನು ಒಂದನೇ ನಂಬರಿನಿಂದ ಹೊಸದಾಗಿ ಶುರು ಮಾಡಿದರು. ಕಷ್ಟಪಟ್ಟು ಕಲಿಸಿದ್ದು ಮುಂದಿನ ಪುಸ್ತಕದಲ್ಲಿ ಸುಳ್ಳಾಗಿರುತ್ತೆ. ವಿಕಿ ಬೇಡ ಅನ್ನೋದೂ ಅದಕ್ಕೇ: ಪಾತ್ರದ ಪುಟ ತೆರೆದರೆ ಸಾವು, ಮದುವೆ, ಮೋಸ ಎಲ್ಲ ಒಟ್ಟಿಗೆ ಸುರಿಯುತ್ತೆ. ಓದೋಕೆ ಮಿಕ್ಕಿರೋದೇನು?

ಹಳೆಯವರು ಇದನ್ನು ಚೆನ್ನಾಗಿ ನಿಭಾಯಿಸಿದ್ದರು. ಕನ್ನಡದಲ್ಲೂ ಬಂದ ಫ್ಯಾಂಟಮ್ ನೆನಪಿರಬೇಕು. ಲೀ ಫಾಕ್ 1936ರಲ್ಲಿ ಶುರು ಮಾಡಿದ್ದು. ಮತ್ತೆ ಮತ್ತೆ, ತಡವಾಗಿ ಬಂದವರಿಗೆ ಅಂತ ಹೇಳಿ ಎರಡು ಮೂರು ಚೌಕದಲ್ಲಿ ಮುಗಿಸಿಬಿಡ್ತಿದ್ದರು: ಕಡಲ್ಗಳ್ಳರು, ದಡಕ್ಕೆ ಬಂದು ಬಿದ್ದವನು, ತಲೆಬುರುಡೆ ಮೇಲಿನ ಆಣೆ, ಈಗಿನವನು ಆ ವಂಶದ ಇಪ್ಪತ್ತೊಂದನೆಯವನು. ಯಾವ ಸಂಚಿಕೆ ಕೈಗೆ ಸಿಕ್ಕರೂ ಓದಬಹುದಿತ್ತು.

ಈಗಿನವರಲ್ಲಿ ಅಷ್ಟು ಚುರುಕಾಗಿ ಮಾಡಿದ್ದು ಆಲ್‌ಸ್ಟಾರ್ ಸೂಪರ್‌ಮ್ಯಾನ್. ಮೊದಲ ಪುಟ, ನಾಲ್ಕು ಚೌಕ, ಒಟ್ಟು ಎಂಟು ಇಂಗ್ಲಿಷ್ ಪದ. ಸಾಯುತ್ತಿರೋ ಗ್ರಹ, ಕಂಗಾಲಾದ ವಿಜ್ಞಾನಿಗಳು, ಕೊನೆಯ ಭರವಸೆ, ಒಳ್ಳೆ ಮನಸ್ಸಿನ ದಂಪತಿ. ಪುಟ ತಿರುವಿದರೆ ಸೂರ್ಯನ ಮುಂದೆ ಹಾರ್ತಾ ಇದ್ದಾನೆ. 12 ಸಂಚಿಕೆ, ಹೊರಗಿನದ್ದೇನೂ ಬೇಡ. ಹಾಕೈ (2012) ಇನ್ನೂ ಸಲೀಸು. ಆರಂಭದ ಪರಿಚಯ ಹೇಳೋದಿಷ್ಟು: ಇವನು ಗುರಿಕಾರ, ಅವೆಂಜರ್ಸ್ ಸೇರಿದ, ಅವೆಂಜರ್ಸ್ ಕೆಲಸ ಇಲ್ಲದಾಗ ಏನು ಮಾಡ್ತಾನೆ ಅನ್ನೋದೇ ಈ ಕಥೆ, ನಿಮಗಿಷ್ಟು ಸಾಕು.

ಮಿಸ್ ಮಾರ್ವೆಲ್ (2014) ತಪ್ಪದೆ ತಗೊಳ್ಳಿ. ಮೊದಲ ಸಂಚಿಕೆಯಲ್ಲಿ ಜೆರ್ಸಿ ಸಿಟಿಗೆ ಒಂದು ಮಂಜು ಕವಿದು ಕಮಲಾ ಖಾನ್‌ಗೆ ಶಕ್ತಿ ಬರುತ್ತೆ. ಆ ಮಂಜು ಬೇರೊಂದು ಇವೆಂಟ್‌ನಿಂದ ಬಂದದ್ದು. ಪುಸ್ತಕ ಅದನ್ನು ವಿವರಿಸೋ ಗೋಜಿಗೇ ಹೋಗಲ್ಲ, ಯಾರಿಗೂ ಅದರ ಕೊರತೆ ಕಾಣಲ್ಲ. ತಮಾಷೆ ಏನಂದ್ರೆ, ಆ ಮಂಜಿನಲ್ಲಿ ಅವಳಿಗೆ ಕಾಣಿಸೋ ಕ್ಯಾಪ್ಟನ್ ಮಾರ್ವೆಲ್ (ಕಿಂಗ್‌ಡಮ್ ಕಮ್‌ನವನಲ್ಲ, ಅದೇ ಹೆಸರಿನ ಬೇರೆ ನಾಯಕಿ) ಹೇಳೋದು ಅಮೀರ್ ಖುಸ್ರೋನ ಸಾಸಿವೆ ಹೂವಿನ ಹಾಡು. ಅಲ್ಲಿ ಹಿನ್ನೆಲೆ ಗೊತ್ತಿಲ್ಲದೆ ಒದ್ದಾಡೋದು ಅಮೆರಿಕದ ಓದುಗ. ಕವ್ವಾಲಿ ಕೇಳಿದ ನಮ್ಮವರು ಮುಗುಳ್ನಕ್ಕು ಮುಂದೆ ಹೋಗ್ತಾರೆ.

ಅಂಗಡಿಯಲ್ಲಿ ಪರೀಕ್ಷಿಸೋದು ಹೇಗೆ ಅಂದ್ರೆ, ಹಿಂಬದಿಯಲ್ಲೋ ಹಕ್ಕುಸ್ವಾಮ್ಯದ ಪುಟದಲ್ಲೋ ಯಾವ ಯಾವ ಸಂಚಿಕೆ ಸೇರಿದೆ ಅಂತ ಒಂದು ಸಾಲು ಇರುತ್ತೆ. ಒಂದೇ ಮಾಸಿಕದ ಸಾಲಾದ ನಂಬರು, ಅದೂ 1ರಿಂದ ಇದ್ದರೆ ಸಾಮಾನ್ಯವಾಗಿ ಧೈರ್ಯವಾಗಿ ತಗೋಬಹುದು. ಮೂರ್ನಾಲ್ಕು ಮಾಸಿಕದ ಚೂರುಗಳಿದ್ದರೆ ಅದು ಕ್ರಾಸ್‌ಓವರ್, ಅಂದ್ರೆ ಹಲವು ಮಾಸಿಕ ಸೇರಿ ಹೇಳೋ ಕಥೆ, ಅಲ್ಲೇ ಇಡಿ. ಸಾಲು ಸರಿಯಿದ್ದರೂ ಮೊದಲ ಐದು ಪುಟ ಓದಿ, ಮಸಿಕುಡಿಕೆ ಹೇಳಿದ ಆ ಮೂರು ಪ್ರಶ್ನೆಯಲ್ಲಿ ಎರಡಕ್ಕಾದರೂ ಉತ್ತರ ಸಿಕ್ಕಿತಾ ನೋಡಿ. ಬೆನ್ನಿನ ಮೇಲಿನ ‘ವಾಲ್ಯೂಮ್ 1’ ಮಾತ್ರ ನಂಬಬೇಡಿ. ಅದು ಒಬ್ಬ ಲೇಖಕನ ಸರದಿಯ ಮೊದಲ ಪುಸ್ತಕ, ಪಾತ್ರದ ಮೊದಲ ಪುಸ್ತಕ ಅಲ್ಲ.

ಕಪಾಟು_7

ಉಪಕಾರವಾಯ್ತು. ಹಾಗಾದ್ರೆ ಕ್ರೈಸಿಸ್, ಸಿವಿಲ್ ವಾರ್ ಔಟ್. ಇಯರ್ ಒನ್, ಆಲ್‌ಸ್ಟಾರ್, ಮಿಸ್ ಮಾರ್ವೆಲ್, ಹಾಕೈ, ಕಿಂಗ್‌ಡಮ್ ಕಮ್ (ಒಳಹೊದಿಕೆಗೆ ಎರಡು ನಿಯಮದ ಚೀಟಿ ಅಂಟಿಸಿ), ದೊಡ್ಡವರಿಗೆ ವಾಚ್‌ಮೆನ್. ಸ್ಪೈಡರ್‌ಮ್ಯಾನ್ ಬೇಕೇ ಬೇಕು ಅಂತ ಮಕ್ಕಳ ಹಟ. 1962ರದ್ದೇ ಕೊಡಲಾ?

ಮಸಿಕುಡಿಕೆ

1962ರ ಹುಟ್ಟುಕಥೆ 11 ಪುಟ ಅಷ್ಟೇ, ಕಷ್ಟವೇನಿಲ್ಲ. ಆದರೆ ಚಿತ್ರದಲ್ಲಿ ಕಾಣೋದನ್ನೇ ಮಾತಿನಲ್ಲೂ ಹೇಳೋ ಆಗಿನ ಶೈಲಿ ಈಗಿನ ಮಕ್ಕಳಿಗೆ ಭಾರ. 2000ದ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಮೊದಲ ಸಂಪುಟ ತರಿಸಿ. ಹೊಸಬರಿಗೆಂದೇ ಮಾಡಿದ್ದು, ಅದೇ ಕಥೆಯನ್ನು ಏಳು ಸಂಚಿಕೆಗೆ ಬಿಡಿಸಿದೆ.

ಹಾಕೈ ಪೇಪರ್‌ಬ್ಯಾಕ್ ತರಿಸೋದಾದ್ರೆ ಒಂದು ಎಚ್ಚರಿಕೆ. ಮೊದಲೆರಡು ಪುಸ್ತಕ 11ನೇ ಸಂಚಿಕೆವರೆಗೆ ಸಾಲಾಗಿ ಬರುತ್ತೆ. ಮೂರನೆಯದರಲ್ಲಿ 14, 16, 18, 20 ಮತ್ತು ವಾರ್ಷಿಕ ಸಂಚಿಕೆ, ನಾಲ್ಕನೆಯದರಲ್ಲಿ 12, 13, 15, 17, 19, 21, 22. ಪುಟ ಕಳೆದಿದೆ ಅಂತ ಅಂಗಡಿಗೆ ವಾಪಸ್ ಕಳಿಸಬೇಡಿ. ಹಾಕೈ ಅನ್ನೋ ಹೆಸರಿನ ಇನ್ನೊಬ್ಬ ಬಿಲ್ಲುಗಾರ್ತಿ ಕೇಟ್ ಲಾಸ್ ಏಂಜಲೀಸ್‌ಗೆ ಹೋದ ಭಾಗವನ್ನು ಬೇಕೆಂದೇ ಬೇರೆ ಕಟ್ಟಿದ್ದಾರೆ. ಇರೋ ಕ್ರಮದಲ್ಲೇ ಓದಿದರೂ ಎಳೆ ತಪ್ಪಲ್ಲ. ಸದ್ಯಕ್ಕೆ ಮೊದಲೆರಡೇ ತರಿಸಿ.