ಇಪ್ಪತ್ತು ಹಾಸಿಗೆಗಳ ದವಾಖಾನೆಗೆ ಮೊದಲು ಯಾವ ಸುರಕ್ಷಾ ಸಾಧನ ಕೊಳ್ಳಬೇಕು?

ಕೇಳಿದವರು: ದವಾಖಾನೆಯ ಆಡಳಿತ ನೋಡಿಕೊಳ್ಳುವವರು, ಸೇಡಂ ತಾಲ್ಲೂಕು

ನಮ್ಮದು ಇಪ್ಪತ್ತು ಹಾಸಿಗೆಗಳ ಸಣ್ಣ ಖಾಸಗಿ ದವಾಖಾನೆ. ಹೆರಿಗೆ, ಸಣ್ಣಪುಟ್ಟ ಶಸ್ತ್ರಚಿಕಿತ್ಸೆ, ಜ್ವರದ ರೋಗಿಗಳು, ತೊಗರಿಗೆ ಔಷಧ ಹೊಡೆಯುವ ದಿನಗಳಲ್ಲಿ ಕೀಟನಾಶಕದಿಂದ ಅಸ್ವಸ್ಥರಾಗಿ ಬರುವವರು, ಇಷ್ಟು ನಮ್ಮ ಕೆಲಸ. ಕಳೆದ ತಿಂಗಳು ಕಸದ ಚೀಲ ಎತ್ತುತ್ತಿದ್ದ ಆಯಾ ಒಬ್ಬರ ಬೆರಳಿಗೆ ಒಳಗಿದ್ದ ಸೂಜಿ ಚುಚ್ಚಿತು. ಅದು ಯಾವ ರೋಗಿಗೆ ಬಳಸಿದ ಸೂಜಿ ಎಂದು ಹೇಳಲು ನಮ್ಮಲ್ಲಿ ಯಾರಿಗೂ ಸಾಧ್ಯವಾಗಲಿಲ್ಲ. ಮರುದಿನ ಕಲಬುರಗಿಗೆ ಕರೆದೊಯ್ದು ಎಚ್‌ಐವಿ ತಡೆಯುವ ಮಾತ್ರೆಗಳನ್ನು ಶುರು ಮಾಡಿಸಿದೆವು, ಅವು ಈಗ ಮುಗಿದಿವೆ. ಆದರೆ ಆಕೆಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಎಂದೂ ಹಾಕಿಸಿರಲಿಲ್ಲ ಎಂಬುದು ನಮಗೆ ಅಂದೇ ಗೊತ್ತಾದದ್ದು. ಈಗ ಮಾಲೀಕರು ಸುರಕ್ಷತೆಗೆಂದು ಒಂದಿಷ್ಟು ಹಣ ತೆಗೆದಿಡಲು ಒಪ್ಪಿದ್ದಾರೆ. ಮಾರಾಟ ಪ್ರತಿನಿಧಿಗಳು ಸೇಫ್ಟಿ ಕ್ಯಾನುಲಾ (ಸಲೈನ್ ಏರಿಸಲು ರಕ್ತನಾಳಕ್ಕೆ ಹಾಕುವ, ಬಳಸಿದ ಮೇಲೆ ಸೂಜಿಯ ಮೊನೆ ಮುಚ್ಚಿಕೊಳ್ಳುವ ನಳಿಕೆ), ವಿದ್ಯುತ್ ಸೂಜಿ ಸುಡುವ ಯಂತ್ರ, ಗಾಳಿಯಲ್ಲಿನ ರೋಗಾಣು ಕೊಲ್ಲುವ ನೇರಳಾತೀತ ದೀಪ ಎಂದು ದಿನಕ್ಕೊಂದು ತಂದು ತೋರಿಸುತ್ತಿದ್ದಾರೆ. ಬಳಸಿ ನೋಡಿದವರು ನಿಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಸ್ಟಾಫ್ ನರ್ಸ್, ಕಲಬುರಗಿ

ಸಾಧನಗಳ ಮಾತಿಗೆ ಮೊದಲು ಆ ಆಯಾ ಅವರ ಲಸಿಕೆಯನ್ನು ಇನ್ನೂ ಶುರು ಮಾಡಿಸಿರದಿದ್ದರೆ ನಾಳೆಯೇ ಮಾಡಿಸಿ. ಸೋಂಕಿತ ರಕ್ತವಿದ್ದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವ ನೂರಕ್ಕೆ ಸುಮಾರು 0.3 ಮಾತ್ರ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 6ರಿಂದ 30ರವರೆಗೆ ಇದೆ. ನಾವು ಹೆದರುವುದು ಮೊದಲನೆಯದಕ್ಕೆ, ಮರೆಯುವುದು ಎರಡನೆಯದನ್ನು. 0, 1 ಮತ್ತು 6ನೇ ತಿಂಗಳಲ್ಲಿ ಮೂರು ಡೋಸ್ ಹಾಕಿಸಿ, ಕೊನೆಯದರ ಒಂದೆರಡು ತಿಂಗಳ ನಂತರ ರಕ್ತದಲ್ಲಿ ಪ್ರತಿಕಾಯದ (ರೋಗ ತಡೆಯುವ ಅಂಶದ) ಮಟ್ಟ 10 mIU/mLಗಿಂತ ಕಡಿಮೆ ಇಲ್ಲವೆಂದು ಪರೀಕ್ಷಿಸಿಕೊಳ್ಳಬೇಕು. ಎಚ್‌ಐವಿ ಮಾತ್ರೆಗಳು ಸಾಧ್ಯವಾದರೆ ಎರಡು ಗಂಟೆಯೊಳಗೆ, ಬಹಳ ತಡವೆಂದರೆ 72 ಗಂಟೆಯೊಳಗೆ ಆರಂಭವಾಗಬೇಕು. ಸೇಡಂನಿಂದ ಕಲಬುರಗಿಗೆ ಬರುವ ದಾರಿಯಲ್ಲೇ ಆ ಎರಡು ಗಂಟೆಯ ಬಹುಪಾಲು ಕಳೆದುಹೋಗುವುದರಿಂದ ಮೊದಲ ಡೋಸನ್ನು ನಿಮ್ಮಲ್ಲೇ ಇಟ್ಟುಕೊಳ್ಳುವ ವ್ಯವಸ್ಥೆಯ ಬಗ್ಗೆ ಜಿಲ್ಲಾ ಕೇಂದ್ರದಲ್ಲಿ ವಿಚಾರಿಸಿ.

ಇನ್ನು ಸೂಜಿ. ನನಗೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಚುಚ್ಚಿದೆ, ಅದೂ ಕ್ಯಾಪನ್ನು ಮರಳಿ ಹಾಕುವಾಗ. ಬಳಸಿದ ಸೂಜಿಯನ್ನು ಹಾಕಲು ಹತ್ತಿರದಲ್ಲಿ ಜಾಗವಿರಲಿಲ್ಲ, ಆದ್ದರಿಂದ ಕ್ಯಾಪ್ ಹಾಕಿ ಟ್ರೇಯಲ್ಲಿಟ್ಟು ಕೊಂಡೊಯ್ಯೋಣ ಎಂದುಕೊಂಡಿದ್ದೆ. ನಿಮ್ಮ ಆಯಾ ಅವರ ಬೆರಳಿಗೆ ಚುಚ್ಚಿದ ಸೂಜಿಯೂ ಬಹುಶಃ ಇಂತಹುದೇ ಕಾರಣದಿಂದ ಚೀಲ ಸೇರಿರಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಸೂಜಿ, ಬ್ಲೇಡುಗಳಿಗೆ ಹೇಳುವುದು ಬಿಳಿಯ, ಅರೆಪಾರದರ್ಶಕ, ಚುಚ್ಚಿದರೂ ತೂತಾಗದ ಡಬ್ಬಿಯನ್ನು. ಇದು ನಿಮ್ಮಲ್ಲೂ ಇರಬಹುದು, ಆದರೆ ಎಲ್ಲಿದೆ? ನಾನು ನೋಡಿದ ಹೆಚ್ಚಿನ ಕಡೆ ವಾರ್ಡಿನ ಮೂಲೆಯಲ್ಲಿ, ಅಥವಾ ತಪಾಸಣೆಯವರಿಗೆ ಕಾಣುವಂತೆ ಬಾಗಿಲ ಬಳಿ ಇರುತ್ತದೆ. ಚುಚ್ಚುಮದ್ದು ಕೊಟ್ಟ ಕೈ ಚಾಚಿದಷ್ಟು ದೂರದಲ್ಲಿ, ಟ್ರಾಲಿಯ ಮೇಲೆಯೇ ಅದು ಇರಬೇಕು. ಮುಕ್ಕಾಲು ತುಂಬಿದೊಡನೆ ಮುಚ್ಚಿ ಬದಲಿಸಬೇಕು.

ಸೇಫ್ಟಿ ಕ್ಯಾನುಲಾಗಳಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಸೂಜಿಯನ್ನು ಹಿಂದಕ್ಕೆ ಎಳೆಯುತ್ತಿದ್ದಂತೆ ಒಳಗಿನ ಸಣ್ಣ ಕ್ಲಿಪ್ ತಾನಾಗಿಯೇ ಮೊನೆಯ ಮೇಲೆ ಕೂರುತ್ತದೆ. ಇನ್ನೊಂದರಲ್ಲಿ ನಾವು ಗುಂಡಿ ಒತ್ತಬೇಕು. ರಾತ್ರಿ ಎರಡು ಗಂಟೆಗೆ, ನೋವಿನಿಂದ ಹೊರಳಾಡುವ ಗರ್ಭಿಣಿಗೆ ಸಲೈನ್ ಏರಿಸುವ ಸಿಸ್ಟರ್‌ಗೆ ಗುಂಡಿ ನೆನಪಿರುವುದಿಲ್ಲ. ಕೊಳ್ಳುವುದಾದರೆ ಮೊದಲ ಬಗೆಯದನ್ನೇ ಕೊಳ್ಳಿ. ಬೆಲೆ ಹೆಚ್ಚೆನಿಸಿದರೆ ಹೆರಿಗೆ ಕೋಣೆ ಮತ್ತು ತುರ್ತು ವಿಭಾಗಕ್ಕೆ ಮಾತ್ರ ತರಿಸಿ.

ಆರೋಗ್ಯ ಸಹಾಯಕಿ, ಯಾದಗಿರಿ ಜಿಲ್ಲೆ

ಸೂಜಿ ಸುಡುವ ವಿದ್ಯುತ್ ಯಂತ್ರವನ್ನು ದಯವಿಟ್ಟು ಕೊಳ್ಳಬೇಡಿ. ನಮ್ಮಲ್ಲಿ ಕರೆಂಟು ಇಲ್ಲದ ಹೊತ್ತಿನಲ್ಲೆಲ್ಲ ಸೂಜಿಗಳು ಅದರ ಪಕ್ಕದಲ್ಲಿ ರಾಶಿ ಬೀಳುತ್ತಿದ್ದವು, ಅಂದರೆ ಅಪಾಯವನ್ನು ತಪ್ಪಿಸಬೇಕಾದ ಯಂತ್ರವೇ ಅದನ್ನು ಒಂದೆಡೆ ಕೂಡಿಹಾಕುತ್ತಿತ್ತು. ಸುಟ್ಟಾಗ ಹೊಗೆಯ ವಾಸನೆ ಬೇರೆ. ಲಸಿಕಾ ಶಿಬಿರಗಳಲ್ಲಿ ನಾವು ಬಳಸುವ ಕೈಯಿಂದ ಒತ್ತುವ ಹಬ್ ಕಟರ್ ಸೂಜಿಯನ್ನು ಬುಡದ ಪ್ಲಾಸ್ಟಿಕ್ ಸಮೇತ ಕತ್ತರಿಸಿ ಕೆಳಗಿನ ಡಬ್ಬಿಗೆ ಬೀಳಿಸುತ್ತದೆ. ಆ ಸೀರಿಂಜನ್ನು ಮತ್ತೆ ಯಾರೂ ಬಳಸಲಾರರು.

ಅದೇ ಉದ್ದೇಶಕ್ಕೆ ಹುಟ್ಟಿದ್ದು ಆಟೋ ಡಿಸೇಬಲ್ ಸೀರಿಂಜು. ಬ್ರಿಟನ್ನಿನ ಮಾರ್ಕ್ ಕೋಸ್ಕಾ ಎಂಬವರು ಒಂದೇ ಸೀರಿಂಜಿನ ಮರುಬಳಕೆಯಿಂದ ಎಚ್‌ಐವಿ ಹರಡುತ್ತದೆಂಬ ಸುದ್ದಿಯನ್ನು 1984ರಲ್ಲಿ ಓದಿ ಇಂತಹ ಸೀರಿಂಜಿನ ಕೆಲಸಕ್ಕೆ ಕೈಹಾಕಿದರು. ಒಮ್ಮೆ ಪೂರ್ತಿ ಒತ್ತಿದ ಮೇಲೆ ಇದರ ಒತ್ತುವ ದಂಡ ಹಿಂದಕ್ಕೆ ಬರುವುದೇ ಇಲ್ಲ. ಹೊಸಬರಿಗೆ ಒಂದು ಸೂಚನೆ: ಬಾಟಲಿಗೆ ಗಾಳಿ ತುಂಬುವ ಹಳೆಯ ಅಭ್ಯಾಸದಿಂದ ಮೊದಲು ಗಾಳಿ ಎಳೆದು ಒತ್ತಿದರೆ ಅದು ಖಾಲಿಯಿದ್ದಾಗಲೇ ಲಾಕ್ ಆಗಿಬಿಡುತ್ತದೆ. ನಮ್ಮಲ್ಲಿ ಮೊದಲ ವಾರ ಹೀಗೆ ಎಷ್ಟೋ ಹಾಳಾದವು.

ರೋಗಿಯ ಕಡೆಯಿಂದ ನೋಡಿದರೆ, ನಾನು ಅತಿ ಹೆಚ್ಚು ನೆಚ್ಚುವ ಸಾಧನ ಲಸಿಕೆಯ ಬಾಟಲಿಯ ಮೇಲಿನ ಆ ಸಣ್ಣ ಗುರುತು, ವಿವಿಎಂ (ವ್ಯಾಕ್ಸಿನ್ ವಯಲ್ ಮಾನಿಟರ್). 1996ರಲ್ಲಿ ಪೋಲಿಯೊ ಹನಿಯ ಬಾಟಲಿಗಳೊಂದಿಗೆ ಅದು ಬಳಕೆಗೆ ಬಂತು. ವೃತ್ತದೊಳಗಿನ ಚೌಕ ಬಿಸಿ ತಾಗಿದಂತೆಲ್ಲ ಕಪ್ಪಾಗುತ್ತ ಹೋಗುತ್ತದೆ. ವೃತ್ತದಷ್ಟೇ ಕಪ್ಪಾಯಿತೆಂದರೆ ಆ ಲಸಿಕೆ ಬಳಸುವಂತಿಲ್ಲ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ತಾಂಡಾದಿಂದ ತಾಂಡಾಕ್ಕೆ ಪೆಟ್ಟಿಗೆ ಹೊತ್ತು ತಿರುಗುವವರಿಗೆ ಅದರ ಬೆಲೆ ಗೊತ್ತು.

ಅರಿವಳಿಕೆ ವೈದ್ಯ, ಕಲಬುರಗಿ

ನೀವು ಶಸ್ತ್ರಚಿಕಿತ್ಸೆ ನಡೆಸುತ್ತೀರಾದ್ದರಿಂದ ಸೂಜಿಯಾಚೆಗಿನ ಮಾತೊಂದನ್ನು ಸೇರಿಸುತ್ತೇನೆ. ಅರಿವಳಿಕೆ ಯಂತ್ರಕ್ಕೆ ಜೋಡಿಸುವ ಸಣ್ಣ ಸಿಲಿಂಡರುಗಳ ಕವಾಟದಲ್ಲಿ ಎರಡು ರಂಧ್ರಗಳಿರುತ್ತವೆ. ಆಮ್ಲಜನಕಕ್ಕೆ ಅವು 2 ಮತ್ತು 5ನೇ ಸ್ಥಾನದಲ್ಲಿ, ನೈಟ್ರಸ್ ಆಕ್ಸೈಡಿಗೆ 3 ಮತ್ತು 5ನೇ ಸ್ಥಾನದಲ್ಲಿ. ಯಂತ್ರದ ಮೊಳೆಗಳು ಅವಕ್ಕೆ ತಕ್ಕಂತಿರುವುದರಿಂದ ತಪ್ಪು ಸಿಲಿಂಡರು ಕೂರುವುದೇ ಇಲ್ಲ. 1952ರಿಂದ ಇರುವ ಈ ಪಿನ್ ಇಂಡೆಕ್ಸ್ ಪದ್ಧತಿ ಎಷ್ಟು ಜೀವ ಉಳಿಸಿದೆಯೋ ಲೆಕ್ಕವಿಲ್ಲ. ಆದರೆ ಸೋರಿಕೆ ನಿಲ್ಲಿಸಲೆಂದು ಒಂದರ ಮೇಲೊಂದು ವಾಷರ್ ಹಾಕಿದರೆ ಮೊಳೆಗಳು ರಂಧ್ರಕ್ಕೆ ಸರಿಯಾಗಿ ಇಳಿಯದೆ ತಪ್ಪು ಸಿಲಿಂಡರೂ ಕೂರಬಲ್ಲದು. ನಿಮ್ಮ ತಂತ್ರಜ್ಞರ ಕೈಯಲ್ಲಿ ಇದನ್ನು ಒಮ್ಮೆ ತೆಗೆದು ನೋಡಿಸಿ. ದೊಡ್ಡ ಸಿಲಿಂಡರುಗಳಿಗೆ ಈ ರಕ್ಷಣೆಯೇ ಇಲ್ಲ. ಅಲ್ಲಿ ಬಣ್ಣವನ್ನೂ ಚೀಟಿಯನ್ನೂ ಓದಲೇಬೇಕು. ನಮ್ಮಲ್ಲಿ ಆಮ್ಲಜನಕಕ್ಕೆ ಕಪ್ಪು ಮೈ, ಬಿಳಿ ಹೆಗಲು.

ಪಲ್ಸ್ ಆಕ್ಸಿಮೀಟರ್ ಇಲ್ಲದೆ ಒಬ್ಬ ರೋಗಿಗೂ ಅರಿವಳಿಕೆ ಕೊಡಿಸಬೇಡಿ. ಜಪಾನಿನ ಟಕುವೊ ಅಒಯಾಗಿ 1974ರ ಸುಮಾರಿಗೆ ಅದರ ತತ್ವವನ್ನು ಕಂಡುಕೊಳ್ಳುವವರೆಗೆ ನಮ್ಮ ಹಿರಿಯರು ತುಟಿ, ಉಗುರಿನ ಬಣ್ಣ ನೋಡಿಯೇ ನಿರ್ಧರಿಸುತ್ತಿದ್ದರು; ತುಟಿ ನೀಲಿಯಾಗುವ ಹೊತ್ತಿಗೆ ಬಹಳ ತಡವಾಗಿರುತ್ತಿತ್ತು. ಅದರ ಜೊತೆಗೆ, ಕಾಸಿಲ್ಲದ ಸಾಧನವೊಂದಿದೆ: ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಗಟ್ಟಿಯಾಗಿ ಓದಿ ಗುರುತು ಹಾಕಿದರೆ ಮಾತ್ರ ಅದು ಕೆಲಸ ಮಾಡುತ್ತದೆ; ಸಂಜೆ ಕುಳಿತು ಎಲ್ಲ ಚೌಕಗಳನ್ನೂ ತುಂಬುವ ಪದ್ಧತಿ ಎಲ್ಲೆಲ್ಲಿದೆ ಎಂಬುದು ನಮಗೆಲ್ಲ ಗೊತ್ತೇ ಇದೆ.

ಹೊಸ ಸಾಧನವೆಲ್ಲ ಒಳ್ಳೆಯದೇ ಅಲ್ಲ ಎನ್ನಲು ನಮ್ಮ ಊರಿನದೇ ಒಂದು ನೆನಪು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ಸಂಭವಿಸಿತು. ಆ ರೋಗಿಗೆ ಚಿಕಿತ್ಸೆ ನೀಡಿದ್ದ ವೈದ್ಯರಿಗೂ ಸೋಂಕು ತಗುಲಿದ ಸುದ್ದಿ ಬಂದಾಗ ನಾವೆಲ್ಲ ನಡುಗಿದ್ದೆವು. ಆಗ ತೈವಾನಿನ ವೈದ್ಯರೊಬ್ಬರು ಎಲ್ಲರಿಗೂ ಬಿಟ್ಟುಕೊಟ್ಟ ವಿನ್ಯಾಸ ನೋಡಿ, ನಾಮಫಲಕ ಮಾಡುವವರ ಕೈಯಲ್ಲಿ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿದೆ. ರೋಗಿಯ ಉಸಿರಿನ ಹನಿಗಳು ನಮಗೆ ತಾಗದಂತೆ ಅವರ ತಲೆಯ ಮೇಲೆ ಅದನ್ನಿಟ್ಟು, ರಂಧ್ರಗಳಲ್ಲಿ ಕೈತೂರಿಸಿ ಉಸಿರಿನ ಕೊಳವೆ ಹಾಕಬೇಕಿತ್ತು. ಕೈ ತಿರುಗುತ್ತಿರಲಿಲ್ಲ, ಹೊತ್ತು ಹಿಡಿಯುತ್ತಿತ್ತು, ಒಮ್ಮೆ ಗೌನಿನ ತೋಳೇ ಹರಿಯಿತು. ಅಣಕು ಪರೀಕ್ಷೆಗಳಲ್ಲೂ ಇದೇ ಕಂಡುಬಂದು, ಗಾಳಿ ಹೀರುವ ವ್ಯವಸ್ಥೆಯಿಲ್ಲದ ಪೆಟ್ಟಿಗೆಗಳಿಗೆ ಕೊಟ್ಟಿದ್ದ ತುರ್ತು ಅನುಮತಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದೇ ಆಗಸ್ಟ್‌ನಲ್ಲಿ ಹಿಂತೆಗೆದುಕೊಂಡಿತು. ಅದೇ ಕಾಲದಲ್ಲಿ ತರಿಸಿದ, ಗಂಟಲಿನ ಒಳಭಾಗವನ್ನು ಪರದೆಯ ಮೇಲೆ ತೋರಿಸುವ ವಿಡಿಯೊ ಲ್ಯಾರಿಂಗೋಸ್ಕೋಪನ್ನು ನಾನು ಇಂದಿಗೂ ದಿನವೂ ಬಳಸುತ್ತೇನೆ. ಅದರಿಂದ ರೋಗಿಯ ಬಾಯಿಗೂ ನನ್ನ ಮುಖಕ್ಕೂ ನಡುವಿನ ಅಂತರ ಹೆಚ್ಚುತ್ತದೆ.

ನರ್ಸಿಂಗ್ ಬೋಧಕಿ, ಕಲಬುರಗಿ

ಕೀಟನಾಶಕದ ರೋಗಿಗಳ ವಿಷಯವನ್ನು ಯಾರೂ ಎತ್ತಲಿಲ್ಲ. ಅವರ ಬಟ್ಟೆ, ವಾಂತಿಯಿಂದ ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕ ವಿಷ ನಮ್ಮ ಸಿಬ್ಬಂದಿಯ ಚರ್ಮಕ್ಕೂ ಇಳಿಯುತ್ತದೆ. ಅದನ್ನು ಸಾಮಾನ್ಯ ಲ್ಯಾಟೆಕ್ಸ್ ಕೈಗವಸು ಸರಿಯಾಗಿ ತಡೆಯುವುದಿಲ್ಲ, ನೈಟ್ರೈಲ್ ಎಂಬ ಕೃತಕ ರಬ್ಬರಿನದು ಬೇಕು. ಬಟ್ಟೆ ತೆಗೆದು ಸಾಬೂನು ನೀರಿನಲ್ಲಿ ಮೈ ತೊಳೆಸುವವರಿಗೂ, ಆ ಬಟ್ಟೆಯನ್ನು ಚೀಲಕ್ಕೆ ಹಾಕುವ ಆಯಾಗೂ ಅದನ್ನೇ ಕೊಡಿ. ಕಸ ಒಯ್ಯುವವರಿಗೆ ಇದಲ್ಲದೆ ದಪ್ಪ ರಬ್ಬರ್ ಕೈಗವಸು ಮತ್ತು ಗಂಬೂಟು ಬೇಕೇ ಬೇಕು.

ಕೈಗವಸಿನ ಮೂಲವೇ ಸಿಬ್ಬಂದಿಯ ರಕ್ಷಣೆ ಎಂದು ವಿದ್ಯಾರ್ಥಿನಿಯರಿಗೆ ಹೇಳಿದಾಗ ಅವರಿಗೆ ಅಚ್ಚರಿಯಾಗುತ್ತದೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್‌ನ ಕೈಗಳು ಕ್ರಿಮಿನಾಶಕವಾಗಿದ್ದ ಪಾದರಸದ ದ್ರಾವಣದಿಂದ ಒಡೆದು ಹುಣ್ಣಾದಾಗ, ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1889–90ರ ಚಳಿಗಾಲದಲ್ಲಿ ಗುಡ್‌ಇಯರ್ ಕಂಪನಿಯಿಂದ ತೆಳು ರಬ್ಬರಿನ ಕೈಗವಸು ಮಾಡಿಸಿದರು. ಮುಂದೆ ಅವರಿಬ್ಬರಿಗೂ ಮದುವೆಯಾಯಿತು. ಕೈಗವಸಿನಿಂದ ರೋಗಿಗಳ ಗಾಯದ ಸೋಂಕೂ ಕಡಿಮೆಯಾಗುತ್ತದೆಂಬುದು ಆಮೇಲೆ ತಿಳಿದದ್ದು.

ನಿವೃತ್ತ ವೈದ್ಯ, ಬೀದರ್

ನೇರಳಾತೀತ ದೀಪಕ್ಕೆ ಅವಸರಪಡಬೇಡಿ. ಮೇಲ್ಭಾಗದ ಗಾಳಿಗೆ ಮಾತ್ರ ಬೆಳಕು ಬೀಳುವಂತೆ ಮರೆಕಟ್ಟಿ, ಅಳತೆ ಮಾಡಿ ಕೂರಿಸಿದರೆ ಅದು ಕ್ಷಯಕ್ಕೆ ಉಪಯುಕ್ತ; ಬರೀ ಟ್ಯೂಬನ್ನು ಗೋಡೆಗೆ ಹೊಡೆದರೆ ಕೆಳಗಿದ್ದವರ ಕಣ್ಣು, ಚರ್ಮ ಸುಡುತ್ತದೆ. ಪೆರು ದೇಶದ ಲಿಮಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎತ್ತರದ ಚಾವಣಿ ಮತ್ತು ದೊಡ್ಡ ಕಿಟಕಿಗಳ ಹಳೆಯ ವಾರ್ಡುಗಳಲ್ಲಿ ಗಾಳಿ ಗಂಟೆಗೆ ಸುಮಾರು 40 ಸಲ ಬದಲಾಗುತ್ತಿತ್ತು. ಶಹಾಬಾದ್ ಕಲ್ಲಿನ ನಮ್ಮ ಹಳೆಯ ಕಟ್ಟಡಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಎ.ಸಿ. ಹಾಕಲೆಂದು ಮುಚ್ಚಿಸಿದ ಕಿಟಕಿಗಳಿದ್ದರೆ ತೆಗೆಸಿ. ಕೆಮ್ಮುವ ರೋಗಿಗೆ ಸಾದಾ ಮಾಸ್ಕ್, ಹತ್ತಿರ ಹೋಗುವವರಿಗೆ ಎನ್95 ಕೊಡಿ.

ಎಕ್ಸ್-ರೇ ತಂತ್ರಜ್ಞ, ಬೀದರ್

ಎಕ್ಸ್-ರೇ ತೆಗೆಯುವಾಗ ವಿಕಿರಣ ತಡೆಯಲು ತೊಡುವ ಸೀಸದ ಏಪ್ರನನ್ನು ಮಡಚಿಡಬೇಡಿ, ತೂಗುಹಾಕಿ. ಮಡಿಕೆಯಲ್ಲಿ ಸೀಸ ಬಿರುಕು ಬಿಡುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಏಪ್ರನ್ನಿನದೇ ಒಂದು ಎಕ್ಸ್-ರೇ ತೆಗೆದು ನೋಡಿ. ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಏಪ್ರನ್ ಒಳಗೆ, ಎದೆಯ ಮೇಲೆ ಇರಲಿ, ಮೇಜಿನ ಡ್ರಾಯರಿನಲ್ಲಲ್ಲ.

ಕೇಳಿದವರು, ಎರಡು ವಾರಗಳ ನಂತರ

ಎಲ್ಲರಿಗೂ ವಂದನೆಗಳು. ಆಯಾ, ಅಗಸರು ಸೇರಿದಂತೆ ಎಲ್ಲ ಸಿಬ್ಬಂದಿಗೂ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಆಗಿದೆ. ಪ್ರತಿ ಟ್ರಾಲಿಗೂ ಬಿಳಿ ಡಬ್ಬಿ ಬಂದಿದೆ. ಗೋಡೆಗೆ ಕೂರಿಸುವ ಎರಡರ ಎತ್ತರವನ್ನು ಆ ಆಯಾ ಅವರೇ ನಿಂತು ತೋರಿಸಿದರು. ಮೂರು ಹಬ್ ಕಟರ್, ನೈಟ್ರೈಲ್ ಕೈಗವಸು, ಹೆರಿಗೆ ಕೋಣೆಗೆ ಮಾತ್ರ ಸೇಫ್ಟಿ ಕ್ಯಾನುಲಾ ತರಿಸಿದ್ದೇವೆ. ಸುಡುವ ಯಂತ್ರವನ್ನೂ ದೀಪವನ್ನೂ ಬೇಡವೆಂದೆವು. ಅಕ್ರಿಲಿಕ್ ಪೆಟ್ಟಿಗೆ ನಮ್ಮಲ್ಲೂ ಒಂದಿದೆ, ಅದರಲ್ಲಿ ಈಗ ಬ್ಯಾಂಡೇಜ್ ಸುರುಳಿಗಳಿವೆ. ಉಳಿದ ಹಣಕ್ಕೆ ಇನ್ನೊಂದು ಪಲ್ಸ್ ಆಕ್ಸಿಮೀಟರ್ ಎಂದುಕೊಂಡಿದ್ದೆವು. ಆದರೆ ನಿನ್ನೆ ಏಪ್ರನ್ನಿನ ಎಕ್ಸ್-ರೇ ತೆಗೆಸಿದಾಗ, ಸೊಂಟದ ಮಡಿಕೆಯ ಉದ್ದಕ್ಕೂ ಎರಡು ಕಪ್ಪು ಗೆರೆಗಳು ಕಂಡವು. ಅದನ್ನು ಬದಲಿಸುವ ವಿಚಾರ ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ.