ಮೆಷಿನ್ ಕೆಟ್ಟಾಗ ಪ್ಲಾನ್ ತಿದ್ದೋದನ್ನ ಹಳೇ ತಿದ್ದುಪಡಿಗಳಿಂದ ಸಾಫ್ಟ್‌ವೇರ್ ಕಲೀಬಹುದಾ?

ಪೀಣ್ಯದ ಪ್ಲಾನರ್
ಮಂಗಳವಾರ ಬೆಳಿಗ್ಗೆ ನಮ್ಮ ಎರಡನೇ ವಿಎಂಸಿಯ (ಲೋಹ ಕೊರೆಯೋ ಕಂಪ್ಯೂಟರ್ ಮೆಷಿನ್) ಸ್ಪಿಂಡಲ್, ಅಂದರೆ ಟೂಲ್ ತಿರುಗಿಸೋ ದಂಡ, ನಿಂತುಹೋಯ್ತು. ಸಾಫ್ಟ್‌ವೇರ್‌ಗೆ ತಿಳಿಸಿದ್ದೇ ತಡ, ಇಡೀ ವಾರದ ಪ್ಲಾನನ್ನೇ ಹೊಸದಾಗಿ ಕೊಟ್ಟಿತು. ಆದರೆ ನಾಲ್ಕನೇ ಮೆಷಿನ್‌ನಲ್ಲಿ ಫಿಕ್ಸ್ಚರ್ (ಪೀಸ್ ಹಿಡಿದಿಡೋ ಚೌಕಟ್ಟು) ಕಟ್ಟಿ, ಡಯಲ್ ಇಟ್ಟು ಅಲೈನ್ ಮಾಡಿ, ಮೊದಲ ಪೀಸ್ ಇನ್‌ಸ್ಪೆಕ್ಷನ್‌ನಲ್ಲಿ ಪಾಸಾಗಿತ್ತು. ಅದನ್ನೂ ಬಿಚ್ಚಿ ಅಂತಿತ್ತು! ನಮ್ಮ ಸೂಪರ್‌ವೈಸರ್ ಎರಡು ಜಾಬ್ ಅದಲುಬದಲು ಮಾಡಿ, ಒಂದನ್ನ ರಾತ್ರಿ ಶಿಫ್ಟ್‌ಗೆ ತಳ್ಳಿದರು, ಮುಗೀತು. ಇಂಥದ್ದನ್ನೆಲ್ಲ ಬರೆದಿಟ್ಟು, ಮುಂದಿನ ಸಲ ಸಾಫ್ಟ್‌ವೇರೇ ಹುಡುಕಿ ಹಾಕೋ ಹಾಗೆ ಯಾರಾದ್ರೂ ಮಾಡಿದ್ದಾರಾ?

ಸಂಶೋಧನಾ ವಿದ್ಯಾರ್ಥಿನಿ
ಮಾಡಿದ್ದಾರೆ ಸಾರ್. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್‌ನಲ್ಲಿ ಮಿಯಾಶಿತಾ, ಸಿಕಾರಾ ಇಬ್ಬರೂ 1990ರ ದಶಕದಲ್ಲಿ 'ಕ್ಯಾಬಿನ್ಸ್' ಕಟ್ಟಿದರು. ಪ್ಲಾನ್ ಹೇಗಿತ್ತು, ಏನು ತಿದ್ದಿದರು, ಫಲ ತಜ್ಞರಿಗೆ ಒಪ್ಪಿಗೆಯಾಯ್ತಾ, ಇಷ್ಟೂ ಸೇರಿ ಒಂದು ಕೇಸ್. ತೊಂದರೆ ಬಂದಾಗ ಅದನ್ನ ಹೋಲೋ ಹಳೇ ಕೇಸ್ ತೆಗೆದು ಅದೇ ತಿದ್ದುಪಡಿ ಮಾಡಿ ನೋಡುತ್ತೆ. ಕೈಕೊಟ್ಟ ತಿದ್ದುಪಡಿಗಳನ್ನೂ ಬಿಸಾಕಲ್ಲ.

ಗಣಿತದ ಮೇಷ್ಟ್ರು
ನಾನು ಒಪ್ಪಲ್ಲ. 1963ರಲ್ಲಿ ಪ್ರಕಟವಾದ, 10 ಜಾಬ್‌ಗಳ ಸರದಿಯನ್ನ 10 ಮೆಷಿನ್‌ನಲ್ಲಿ ಹೊಂದಿಸೋ ಲೆಕ್ಕಕ್ಕೆ ಒಟ್ಟು ಅವಧಿ 930 ಸಮಯ ಘಟಕಕ್ಕಿಂತ ಕಡಿಮೆ ಆಗಲ್ಲ ಅಂತ ಸಾಬೀತಾಗೋಕೆ 1989 ಬರಬೇಕಾಯ್ತು. ಆಗ ಹಳೇ ಕೇಸ್ ನೆಚ್ಚಿಕೊಂಡಿದ್ದು ಸರಿ. ಈಗಿನ ಸಾಲ್ವರ್‌ಗೆ (ಅತ್ಯುತ್ತಮ ಪ್ಲಾನ್‌ನ ಲೆಕ್ಕ ಹಾಕಿ ಹುಡುಕೋ ಸಾಫ್ಟ್‌ವೇರ್) ಅದೆಲ್ಲ ಚಿಟಿಕೆ ಹೊಡೆದಷ್ಟು ಸಲೀಸು. ಕಟ್ಟಿದ ಸೆಟ್ಟಿಂಗ್ ಬಿಚ್ಚಿದರೆ ಇಷ್ಟು ದಂಡ ಅಂತ ಹಾಕಿ, ತಾನೇ ಬಿಚ್ಚೋದು ಬಿಡುತ್ತೆ.

ಸಂಶೋಧನಾ ವಿದ್ಯಾರ್ಥಿನಿ
ಎಷ್ಟು ದಂಡ ಅಂತ ಹಾಕೋದು ಮೇಷ್ಟ್ರೇ? ಅಲ್ಲೇ ಇರೋದು ಕಗ್ಗಂಟು. ಸೂಪರ್‌ವೈಸರ್‌ನ ಕೇಳಿದರೆ ಅಂಕಿ ಹೇಳಲ್ಲ. ಎರಡು ಪ್ಲಾನ್ ಮುಂದಿಡಿ, ಥಟ್ಟನೆ ಒಂದರ ಮೇಲೆ ಬೆರಳಿಡುತ್ತಾರೆ. ಆ ಬೆರಳನ್ನೇ ಕೇಸ್ ಹಿಡಿದಿಡೋದು.

ನಿವೃತ್ತ ಸೂಪರ್‌ವೈಸರ್
ಬೆರಳಿಟ್ಟವನೇ ಹೇಳ್ತೀನಿ ಕೇಳಮ್ಮಾ. ಒಂದು ಸಲ ನಾಲ್ಕನೇ ಮೆಷಿನ್ ಖಾಲಿಯಿದ್ದರೂ ಮೂರರ ಮುಂದೆ ಜಾಬ್ ಕಾಯಿಸಿದೆ. ನಾಲ್ಕರ ಬಾಲ್ ಸ್ಕ್ರೂ (ಮೆಷಿನ್‌ನ ಅಕ್ಷ ಸರಿಸೋ ಸ್ಕ್ರೂ) ಸವೆದಿತ್ತು, 20 ಮೈಕ್ರಾನ್ ಟಾಲರೆನ್ಸ್ ನಿಲ್ಲುತ್ತಿರಲಿಲ್ಲ. ಯಾವ ಶೀಟ್‌ನಲ್ಲೂ ಅದು ಇರಲಿಲ್ಲ, ನನ್ನ ತಲೆಯಲ್ಲಿತ್ತು. ತಿಂಗಳಾದ ಮೇಲೆ ಸ್ಕ್ರೂ ಬದಲಾಯಿಸಿದರು. ನಿಮ್ಮ ಕೇಸ್ ಮಾತ್ರ ಇವತ್ತಿಗೂ 'ಮೂರಕ್ಕೆ ಹಾಕು' ಅಂತಲೇ ಇರುತ್ತೆ.

ಸಂಶೋಧನಾ ವಿದ್ಯಾರ್ಥಿನಿ
ಇದು ನಿಜವಾದ ತೊಡಕು ಸಾರ್. ಕಾರಣ ಗೊತ್ತಿಲ್ಲದ ಕೇಸ್ ಅಪಾಯ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ವಿಮಾನ, ಕ್ಷಿಪಣಿ ತಯಾರಿಸೋ ಲಾಕ್‌ಹೀಡ್‌ನವರು ಆಟೋಕ್ಲೇವ್‌ನಲ್ಲಿ (ಒತ್ತಡದಲ್ಲಿ ಬಿಸಿ ಮಾಡೋ ದೊಡ್ಡ ಒಲೆ) ಭಾಗಗಳನ್ನ ಹೇಗೆ ಜೋಡಿಸಿದರೆ ಸಮನಾಗಿ ಬೇಯುತ್ತೆ ಅನ್ನೋದಕ್ಕೆ 'ಕ್ಲೇವಿಯರ್' ಬಳಸಿದರು. ಹಿಂದೆ ಚೆನ್ನಾಗಿ ಬಂದ ಜೋಡಣೆಗಳೇ ಅದರ ಬಂಡವಾಳ. ಅಲ್ಲೂ ಕೊನೇ ಮಾತು ಆಪರೇಟರ್‌ದೇ.

ಗಣಿತದ ಮೇಷ್ಟ್ರು
ಹಾಗಾದರೆ ಕೇಸ್ ಸಲಹೆ ಕೊಡಲಿ, ಆ ಪ್ಲಾನ್ ನಡೆಯುತ್ತಾ ಅಂತ ಸಾಲ್ವರ್ ಪರೀಕ್ಷಿಸಲಿ. ಇಷ್ಟಕ್ಕೆ ನನ್ನ ಒಪ್ಪಿಗೆಯಿದೆ.

ಪೀಣ್ಯದ ಪ್ಲಾನರ್
ಮೇಂಟೆನೆನ್ಸ್ ರಿಜಿಸ್ಟರನ್ನೂ ಜೋಡಿಸ್ತೀನಿ. ಯಾವುದೇ ಮೆಷಿನ್ ರಿಪೇರಿಯಾದ ದಿನ ಅದರ ಹಳೇ ಕೇಸ್‌ಗಳಿಗೆಲ್ಲ ಸೂಪರ್‌ವೈಸರ್ ಮತ್ತೆ ಸಹಿ ಹಾಕಬೇಕು. ಮಂಗಳವಾರದ್ದನ್ನ ಮೊದಲನೇ ಕೇಸ್ ಅಂತ ಈಗಷ್ಟೇ ಬರೆದೆ. ಕಾರಣದ ಕಾಲಂನಲ್ಲಿ: 'ನಾಲ್ಕರಲ್ಲಿ ಮೊದಲ ಪೀಸ್ ಪಾಸಾಗಿತ್ತು.'